ಹದಿಮೂರು ಮನೆ, ಹದಿಮೂರು ಪಕ್ಕೆಲುಬು

ನನ್ನ ಅಪ್ಪನ ಕೈಯಲ್ಲಿ ಕುರಿಯ ಪಕ್ಕೆಲುಬು ಮುರಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬ ಪಡಲು ಬೇರೆಯವರಿಗೆ ಕಬ್ಬಿನ ಹೊಲವೋ ದ್ರಾಕ್ಷಿ ತೋಟವೋ ಇರುತ್ತದೆ, ನನಗೆ ಇದಿದೆ. ಮಾಂಸದ ಮಾತು ಬಂದರೆ ಮೂಗು ಮುಚ್ಚಿಕೊಳ್ಳುವವರು ಸ್ವಲ್ಪ ಹೊತ್ತು ತಡೆದುಕೊಳ್ಳಬೇಕು. ಪಕ್ಕೆಲುಬು ಬೆನ್ನೆಲುಬಿಗೆ ಹೇಗೆ ಕೂಡಿಕೊಂಡಿದೆ ಎಂಬುದನ್ನು ನಾನು ಮೊದಲು ಕಲಿತದ್ದು ಪುಸ್ತಕದಲ್ಲಲ್ಲ, ನಮ್ಮ ಓಣಿಯ ಬೇವಿನ ಮರದ ಕೆಳಗೆ.

ನಮ್ಮೂರು ಅಂಕಲಿಯಿಂದ ಆಚೆ, ಕೃಷ್ಣಾ ಹೊಳೆಯ ದಂಡೆಗೆ. ಅಪ್ಪ ಹಂಗಾಮಿನಲ್ಲಿ ಬೇರೆಯವರ ಹೊಲದ ಕಬ್ಬು ಕಡಿಯುತ್ತಿದ್ದ, ಉಳಿದ ದಿನ ಸಿಕ್ಕ ಕೂಲಿಗೆ ಹೋಗುತ್ತಿದ್ದ. ಹತ್ತರಲ್ಲಿ ಹನ್ನೊಂದನೆಯವನು. ಆದರೆ ಕರಿ ದಿನ ಬಂತೆಂದರೆ, ಅಂದರೆ ಹಬ್ಬದ ಹೋಳಿಗೆ ಮುಗಿದು ಮರುದಿನ ಮನೆಮನೆಯಲ್ಲಿ ಖಾರ ಅರೆಯುವ ದಿನ, ಅಪ್ಪ ಇಡೀ ಓಣಿಗೆ ಬೇಕಾದ ಮನುಷ್ಯ. ಬೆಳಿಗ್ಗೆ ಚಹಾ ಕುಡಿಯುವುದರೊಳಗೆ ಮೂರು ಮನೆಯಿಂದ ಕರೆ ಬಂದಿರುತ್ತಿತ್ತು.

ಓಣಿಯಲ್ಲಿ ಇದ್ದದ್ದು ಹದಿಮೂರು ಮನೆ. ಎಲ್ಲರೂ ಸೇರಿ ಒಂದು ಕುರಿ ತರುತ್ತಿದ್ದರು. ಅದನ್ನು ಕೊಯ್ದು ಹದಿಮೂರು ಪಾಲು ಹಾಕುವುದು ಅಪ್ಪನ ಕೆಲಸ. ತೊಳೆದ ತಾಡಪತ್ರಿಯ ಮೇಲೆ ಹದಿಮೂರು ಗುಂಪು ಸಾಲಾಗಿ ಬೀಳುತ್ತಿದ್ದವು. ಎಲ್ಲ ಗುಂಪಿಗೂ ತೊಡೆಯ ತುಂಡು, ಎಲ್ಲದಕ್ಕೂ ಒಂದಿಷ್ಟು ಕೊಬ್ಬು, ಎಲ್ಲದಕ್ಕೂ ಈಲಿಯ, ಅಂದರೆ ಲಿವರಿನ, ಚೂರು, ಮತ್ತು ಎಲ್ಲದಕ್ಕೂ ಎಡಕ್ಕೊಂದು ಬಲಕ್ಕೊಂದು ಜೋಡಿ ಪಕ್ಕೆಲುಬು. ಕುರಿಗೆ ಹದಿಮೂರು ಜೋಡಿ, ಓಣಿಗೆ ಹದಿಮೂರು ಮನೆ. ದೇವರು ನಮ್ಮ ಓಣಿಯನ್ನು ನೋಡಿಕೊಂಡೇ ಕುರಿಯನ್ನು ಮಾಡಿದ್ದಾನೆ ಎಂದು ನಾನು ಬಹಳ ದಿನ ನಂಬಿದ್ದೆ.

ಯಾವ ಗುಂಪು ಯಾರಿಗೆ ಎಂದು ಹೇಳುವವಳು ನಾನು. ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹಿಂದಿನಿಂದ ಅಪ್ಪ ಒಂದು ಗುಂಪಿನ ಮೇಲೆ ಕೈಯಿಟ್ಟು "ಇದು ಯಾರದು?" ಎಂದು ಕೇಳುತ್ತಿದ್ದ. ನಾನು ನೋಡದೆ ಕೂಗುತ್ತಿದ್ದೆ: "ಬಾವಿ ಮನೀದು!" "ಮೂಲಿ ಮನೀದು!" ಕಡೆಗೆ ಉಳಿದದ್ದು ನಮ್ಮದು. ಒಂದು ವರ್ಷ ಕಣ್ಣ ಕೊನೆಯಿಂದ ನೋಡಿ, ಗುಂಡಿಗೆಯ ದೊಡ್ಡ ಚೂರು ಬಿದ್ದ ಗುಂಪಿಗೆ "ನಮ್ಮದು!" ಎಂದುಬಿಟ್ಟೆ. ಅಪ್ಪ ಎಲ್ಲರೆದುರೇ ಆ ಪಾಲನ್ನು ಎತ್ತಿ ಬಾವಿ ಮನೆಯ ಮುದುಕಿಯ ಬುಟ್ಟಿಗೆ ಹಾಕಿ, ಆಕೆಯದನ್ನು ನಮಗೆ ತಂದ. ಮನೆಗೆ ಬಂದ ಮೇಲೆ ನನ್ನ ಕಿವಿ ಹಿಂಡಿದ ಹಿಂಡು ಇಂದಿಗೂ ಕೆಂಪಗೆ ನೆನಪಿದೆ.

ಪಕ್ಕೆಲುಬು ಮುರಿಯಬಾರದು ಎಂಬ ಹಟಕ್ಕೆ ಕಾರಣವಿತ್ತು. ಅಪ್ಪನಿಗಿಂತ ಮೊದಲು ಪಾಲು ಹಾಕುತ್ತಿದ್ದವನು ದೊಡ್ಡ ಸತ್ತೂರ ಹಿಡಿದು ಧಡಧಡ ಕೊಚ್ಚುತ್ತಿದ್ದನಂತೆ. ಎಲುಬು ಒಡೆದು ಮೊನಚಾದ ಚಿಪ್ಪು ಮಾಂಸದಲ್ಲಿ ಸೇರುತ್ತಿತ್ತು. ಹಾಗೊಂದು ಚಿಪ್ಪು ನನ್ನ ಸೋದರತ್ತೆಯ ಗಂಟಲಿಗೆ ಸಿಕ್ಕಿ, ಆಕೆ ಎರಡು ದಿನ ನೀರು ನುಂಗಲಾಗದೆ ಒದ್ದಾಡಿದಳು. ತಂಗಿಯ ಆ ಒದ್ದಾಟ ನೋಡಿದ ಮೇಲೆ ಅಪ್ಪ ಸತ್ತೂರ ಬಿಟ್ಟು ಗೇಣುದ್ದದ ಚೂರಿ ಹಿಡಿದ.

ಆ ಚೂರಿಯಿಂದ ಅವನು ಮಾಡುತ್ತಿದ್ದದ್ದು ಇಷ್ಟು. ಒಂದು ಪಕ್ಕೆಲುಬನ್ನು ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸುವುದು. ಇನ್ನೊಂದು ಕೈಯ ಹೆಬ್ಬೆರಳನ್ನು ಬೆನ್ನೆಲುಬಿನ ಹತ್ತಿರ ಇಟ್ಟು, ಎಲ್ಲಿ ಅಲುಗಾಡುತ್ತದೆ ಎಂದು ಹುಡುಕುವುದು. ಎರಡು ಕಡೆ ಅಲುಗಾಡುತ್ತದೆ. ಅಪ್ಪ ಅದನ್ನು ನನಗೆ ಹೇಳಿಕೊಟ್ಟದ್ದು ಹೀಗೆ:

"ಬೆನ್ನಾಗಿನ ಒಂದೊಂದು ಮಣಕ ಒಂದೊಂದು ಮನಿ ಅಂತ ತಿಳಕೋ. ಓಣ್ಯಾಗ ನಮ್ಮ ಮನಿಗೂ ಬಾವಿ ಮನಿಗೂ ಒಂದ ಗ್ವಾಡಿ ಐತ್ಯೋ ಇಲ್ಲೋ? ಹಂಗ. ಎಲುಬು ಎರಡು ಮನಿ ನಡುವಿನ ಗ್ವಾಡಿಗೆ ತಲಿ ಇಟ್ಟಿರತೈತಿ. ಭುಜ ಮಾತ್ರ ತನ್ನ ಮನಿ ಕಟ್ಟಿಗೆ ಆನಿಸಿರತೈತಿ. ತಲಿ ಬಿಡಸಬೇಕು, ಭುಜ ಬಿಡಸಬೇಕು. ಆಮ್ಯಾಲೆ ತಾನಾಗೇ ಬರತೈತಿ."

ಪಕ್ಕೆಲುಬಿನ ತುದಿಯ ಗುಂಡು ಎರಡು ಮಣಕಗಳು, ಅಂದರೆ ಬೆನ್ನೆಲುಬಿನ ಮಣಿಗಳು, ಕೂಡುವ ಜಾಗದಲ್ಲಿ ಕೂತಿರುತ್ತದೆ. ಅಲ್ಲಿಂದ ಸ್ವಲ್ಪ ಈಚೆಗಿರುವ ಒಂದು ಸಣ್ಣ ಉಬ್ಬು, ಮಣಕದಿಂದ ಪಕ್ಕಕ್ಕೆ ಚಾಚಿಕೊಂಡ ರೆಕ್ಕೆಗೆ ಒರಗಿರುತ್ತದೆ. ಎರಡನ್ನೂ ಬಿಳಿಯ ಗಟ್ಟಿ ಪಟ್ಟಿಗಳು ಬಿಗಿದು ಹಿಡಿದಿರುತ್ತವೆ. ಅಪ್ಪ ಚೂರಿಯ ಮೊನೆಯಿಂದ ಒಳಗಿನ ಪಟ್ಟಿ ಬಿಡಿಸುತ್ತಿದ್ದ, ಆಮೇಲೆ ಹೊರಗಿನದು, ಆಮೇಲೆ ಎಲುಬನ್ನು ಒಂದು ಸಲ ತಿರುವುತ್ತಿದ್ದ. ಟಕ್ ಎಂದು ಇಡಿಯಾಗಿ ಬರುತ್ತಿತ್ತು. ಬಂದ ಮೇಲೆ ಅದರ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಚಿಪ್ಪೆದ್ದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಪಾಲಿಗೆ ಇಡುತ್ತಿದ್ದ.

ಈಗ ಚಿಕ್ಕೋಡಿಯಲ್ಲಿ ನನ್ನದೇ ಒಂದು ಚಿಕ್ಕ ಫಿಜಿಯೋಥೆರಪಿ ಕೋಣೆ ಇದೆ. ರಾಯಬಾಗ, ಕಾಗವಾಡದ ಕಡೆಯಿಂದೆಲ್ಲ ಕಬ್ಬಿನ ಹೊರೆ ಹೊತ್ತು ಬೆನ್ನು ಹಿಡಿದುಕೊಂಡವರು ಬರುತ್ತಾರೆ. ಉಸಿರು ಎಳೆದರೆ ಬೆನ್ನಲ್ಲಿ ಚುಚ್ಚುತ್ತದೆ ಎನ್ನುತ್ತಾರೆ, ಎದೆಯ ರೋಗವೆಂದು ಹೆದರಿರುತ್ತಾರೆ. ನಾನು ಮಣಕದ ಪಕ್ಕದಲ್ಲಿ ಹೆಬ್ಬೆರಳು ಇಟ್ಟು, "ಉಸಿರು ತಗೋರಿ" ಎಂದು ಹೇಳಿ ಕಟ್ಟೆಯನ್ನು ಹುಡುಕುತ್ತೇನೆ. ಒತ್ತಿದ ಕೂಡಲೇ "ಹಾಂ, ಅಲ್ಲೇ ರೀ ಅಕ್ಕಾರ!" ಎಂದು ಹೌಹಾರುತ್ತಾರೆ. ಇಷ್ಟು ಬರಾಬರಿ ಹೆಂಗ ಸಿಗತೈತ್ರಿ ನಿಮಗ, ಎಲ್ಲಿ ಕಲ್ತ್ರಿ ಎಂದು ಕೇಳಿದರೆ, ನಮ್ಮ ಓಣ್ಯಾಗ ಎನ್ನುತ್ತೇನೆ. ಚೇಷ್ಟೆ ಮಾಡುತ್ತಿದ್ದೇನೆಂದುಕೊಂಡು ನಗುತ್ತಾರೆ.

ಆದರೆ ಹೀಗೆ ಎದೆಯುಬ್ಬಿಸಿ ಹೇಳುವ ನಾನೇ ಒಂದು ಕಾಲಕ್ಕೆ ಇದನ್ನೆಲ್ಲ ಮುಚ್ಚಿಟ್ಟಿದ್ದೆ.

ಫಿಜಿಯೋಥೆರಪಿ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಗೆರೆ ಇತ್ತು. ನಾನು 'ಕೃಷಿ' ಎಂದು ಬರೆದೆ. ಸುಳ್ಳೇನಲ್ಲ, ಆದರೆ ನಿಜವೂ ಅಲ್ಲ. ನಮಗೆ ಒಂದು ಗುಂಟೆ ನೆಲವಿರಲಿಲ್ಲ. ಸಹಿ ಮಾಡುವ ಮುಂಚೆ ಅಪ್ಪ, "ಏನ ಬರದೀ ಓದು" ಎಂದ. ಓದಿದೆ. ಅಪ್ಪ "ಹೂಂ" ಎಂದಷ್ಟೇ ಹೇಳಿ, ಅಕ್ಷರ ಒಂದೊಂದೇ ಜೋಡಿಸಿ ಸಹಿ ಮಾಡಿದ.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಅಥಣಿ ಕಡೆಯವಳು. ದ್ರಾಕ್ಷಿ ತೋಟದ ಮನೆತನ, ಉಳ್ಳಾಗಡ್ಡಿಯನ್ನೂ ಮುಟ್ಟದವರು. ಒಳ್ಳೆಯ ಹುಡುಗಿ. ನಾನು ಕನ್ನಡ ಸಾಲೆಯಿಂದ ಬಂದವಳು, ಇಂಗ್ಲಿಷ್ ಪುಸ್ತಕ ತೆರೆದರೆ ಕಣ್ಣು ಕತ್ತಲೆ. ಅವಳೇ ಪಕ್ಕದಲ್ಲಿ ಕೂತು ಒಂದೊಂದು ಎಲುಬಿನ ಹೆಸರನ್ನೂ ಬಾಯಿಗೆ ಹಾಕುತ್ತಿದ್ದಳು. ಒಮ್ಮೆ ಇಬ್ಬರೂ ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಮಟನ್ ಅಂಗಡಿ ನೋಡಿ ಅವಳು, "ಇವರಿಗೆ ಆ ಕೈಲೆ ಊಟಾ ಹೆಂಗರ ಹೋಗತೈತಿ ನೋಡ" ಎಂದಳು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದ ನಾನು, ಆ ದಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಆ ಕೈಯಲ್ಲೇ ನಾನು ತುತ್ತು ತಿಂದು ದೊಡ್ಡವಳಾಗಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೊದಲ ವರ್ಷ ಅಂಗರಚನೆಯ ಒಳಪರೀಕ್ಷೆಯಲ್ಲಿ ನಾನು ನಪಾಸಾದೆ. ಉತ್ತರ ಗೊತ್ತಿತ್ತು, ಇಂಗ್ಲಿಷ್ ಗೊತ್ತಿರಲಿಲ್ಲ. ಎರಡನೆಯ ಅವಕಾಶ ಒಂದೇ ಇತ್ತು. ಅದರಲ್ಲೂ ಬಿದ್ದರೆ ವಾರ್ಷಿಕ ಪರೀಕ್ಷೆಗೆ ಕೂಡಿಸುವುದಿಲ್ಲ, ವರ್ಷ ಹೋಗುತ್ತದೆ. ವರ್ಷ ಹೋದರೆ ಊರಿನಲ್ಲಿ ನನಗಾಗಿ ಗಂಡು ನೋಡಿಟ್ಟು ಕಾಯುತ್ತಿದ್ದವರ ಬಾಯಿಗೆ ಸಕ್ಕರೆ ಬಿದ್ದಂತೆ. ಮೂರು ವಾರ ಗೆಳತಿ ನನ್ನನ್ನು ತಿಕ್ಕಿ ತಿಕ್ಕಿ ತಯಾರು ಮಾಡಿದಳು.

ನಮ್ಮ ಸರ್ ಮೈಸೂರು ಕಡೆಯವರು. ಸಿಡುಕರಲ್ಲ, ಆದರೆ ನಗುವುದೂ ಕಡಿಮೆ. ಮೇಜಿನ ಮೇಲೆ ಒಣ ಎಲುಬುಗಳ ತಟ್ಟೆ. ನಪಾಸಾದವರೆಲ್ಲ ಸಾಲಾಗಿ ನಿಂತಿದ್ದೆವು, ನನಗೆ ಧೈರ್ಯ ಹೇಳಲು ಬಂದ ಗೆಳತಿ ನನ್ನ ಬೆನ್ನ ಹಿಂದೆಯೇ. ಸರ್ ನನ್ನ ಕೈಗೆ ಒಂದು ಪಕ್ಕೆಲುಬು ಕೊಟ್ಟು, ಎಡವೋ ಬಲವೋ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸರಿಯಾಗಿ ಹೇಳಿದೆ. ಒಟ್ಟು ಎಷ್ಟು ಜೊತೆ ಎಂದರು.

"ಹದಿಮೂರು" ಎಂದೆ.

ಹಿಂದಿದ್ದ ಸಾಲು ಕಿಸಕ್ ಎಂದಿತು. ಮನುಷ್ಯನಿಗೆ ಹನ್ನೆರಡು ಎಂದು ಅವತ್ತು ಬೆಳಿಗ್ಗೆಯೇ ಓದಿದ್ದೆ. ಅಷ್ಟು ವರ್ಷ ಗೋಡೆಗೆ ಮುಖ ಮಾಡಿ ಎಣಿಸಿದ ನಾಲಿಗೆ ತನ್ನ ಲೆಕ್ಕ ತಾನು ಹೇಳಿಬಿಟ್ಟಿತ್ತು.

ಸರ್ ಕನ್ನಡಕ್ಕೆ ಬಂದರು. "ಹದಿಮೂರಾ? ಯಾವ ಪುಸ್ತಕದಲ್ಲಿದೆ ಅದು?"

ತಪ್ಪಾಯಿತು ಸರ್, ಹನ್ನೆರಡು ಎಂದಿದ್ದರೆ ಒಂದು ಅಂಕ ಹೋಗಿ ಮಾತು ಮುಗಿಯುತ್ತಿತ್ತು. ಆದರೆ ಆ ನಗು ನನ್ನ ಬೆನ್ನಿಗೆ ಬಡಿದಿತ್ತು. ಭಯ ಹೋಗಿ ಸಿಟ್ಟು ಬಂತು, ಸಿಟ್ಟು ಬಂದರೆ ನನಗೆ ಊರ ಭಾಷೆಯೇ ಬರುವುದು.

"ಪುಸ್ತಕದಾಗ ಇಲ್ರಿ ಸರ್. ನಾನೇ ಎಣಸೀನ್ರಿ. ಅದು ಕುರಿ ಲೆಕ್ಕ. ನಮ್ಮಪ್ಪ ಓಣಿಗೆ ಕುರಿ ಕೊಯ್ದು ಪಾಲು ಹಾಕ್ತಾನ್ರಿ. ಹದಿಮೂರು ಮನಿ, ಮನಿಗೊಂದು ಜೋಡಿ. ಮನಷ್ಯಾಗ ಹನ್ನೆರಡ್ರಿ, ಅದೂ ಗೊತ್ತೈತಿ."

ನಗು ನಿಂತಿತು. ಗೆಳತಿಯ ಮುಖ ನೋಡಲು ನಾನು ಹಿಂದಿರುಗಲಿಲ್ಲ. ಸರ್ ತಟ್ಟೆಯಿಂದ ಆರೇಳು ಮಣಕಗಳನ್ನು ಆರಿಸಿ ಮೇಜಿನ ಮೇಲೆ ಕಲಸಿಟ್ಟು ಮೇಲೊಂದು ಟವೆಲ್ ಹೊದಿಸಿದರು. "ಆ ಪಕ್ಕೆಲುಬನ್ನು ಇದರೊಳಗೆ ನೋಡದೆ ಕೂಡಿಸು. ಕೂಡಿಸುತ್ತ ಹೇಳು, ಕನ್ನಡದಲ್ಲೇ ಹೇಳು."

ಟವೆಲ್ಲಿನ ಕೆಳಗೆ ಕೈ ಹಾಕಿದೆ. ಎಲುಬು ಒಣಗಿತ್ತು, ಆದರೆ ಹೆಬ್ಬೆರಳಿಗೆ ಅದು ಹಳೆಯ ಪರಿಚಯ. ಅರ್ಧ ಗುಳಿ ಇದ್ದ ಒಂದು ಮಣಕ ಸಿಕ್ಕಿತು, ಅದರ ಮೇಲಿನದನ್ನು ಹುಡುಕಿ ಜೋಡಿಸಿದೆ. ಎರಡು ಅರ್ಧ ಸೇರಿ ಪೂರ್ತಿ ಗುಳಿಯಾಯಿತು. ಅದರಲ್ಲಿ ಪಕ್ಕೆಲುಬಿನ ಗುಂಡು ಇಟ್ಟೆ, ಉಬ್ಬನ್ನು ರೆಕ್ಕೆಗೆ ಒರಗಿಸಿದೆ. "ತಲಿ ನಡುಗ್ವಾಡಿಗ್ರಿ ಸರ್, ಭುಜ ತನ್ನ ಮನಿ ಕಟ್ಟಿಗೆ" ಎಂದೆ. ಸರ್ ಟವೆಲ್ ಎತ್ತಿದರು. ಬರಾಬರಿ ಕೂತಿತ್ತು.

"ಉಸಿರು ಎಳೆದಾಗ ಇಲ್ಲಿ ಏನಾಗುತ್ತದೆ?"

"ಎರಡೂ ಕಡೆ ಒಂಚೂರು ತಿರಗತೈತ್ರಿ. ಇಲ್ಲಿ ಒಂಚೂರು, ಮುಂದ ಎದೀ ಕಡೆ ಬಾಳ. ಅದಕ್ಕ ಎದಿ ಅಗಲ ಆಗತೈತಿ."

"ಒಣ ಎಲುಬಿನಲ್ಲಿ ಅದನ್ನು ತೋರಿಸುವುದಕ್ಕೆ ಆಗುವುದಿಲ್ಲವಲ್ಲಮ್ಮ. ಪ್ರತಿ ವರ್ಷ ಇದೇ ನನ್ನ ಕಷ್ಟ."

"ಹಸೀದರಾಗ ಕಾಣತೈತ್ರಿ ಸರ್."

ಸರ್ ನಕ್ಕರು. ಪಾಸು ಎಂದು ಬರೆದುಕೊಂಡು ಪೆನ್ನು ಕೆಳಗಿಟ್ಟು, "ನಿಮ್ಮ ತಂದೆ ಒಂದು ದಿನ ಇಲ್ಲಿಗೆ ಬರುತ್ತಾರಾ, ಕೇಳು" ಎಂದರು.

ಆ ಸಂಜೆ ಗೆಳತಿ ಕೋಣೆಯಲ್ಲಿ ತನ್ನ ಡಬ್ಬಿ, ತಾಟು ಎಲ್ಲವನ್ನೂ ಕಿಟಕಿಯ ಕಡೆ ಸರಿಸಿಟ್ಟುಕೊಂಡಳು. ಆಮೇಲೆ, "ತಿಂಗಳಗಟ್ಲೆ ಜೋಡಿ ಮಲಗೀವಿ, ಒಂದ ಮಾತು ಹೇಳಲಿಲ್ಲಲ್ಲ ಬೇ" ಎಂದಳು. ಹೇಳಿದ್ದರೆ ನೀನು ಆಗಲೇ ತಾಟು ಸರಿಸುತ್ತಿದ್ದೆ ಎಂದು ನಾನೂ ಖಾರವಾಗಿಯೇ ಹೇಳಿದೆ. ಇಬ್ಬರ ಮಾತೂ ಅಲ್ಲಿಗೆ ನಿಂತಿತು.

ಅಪ್ಪನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಪಾಸಾದೆಯಾ ಎನ್ನುವುದಕ್ಕಿಂತ ಮೊದಲು ಅವನು ಕೇಳಿದ್ದು, "ಎಲುಬು ಮುರೀಲಿಲ್ಲಲ್ಲ?" ಸರ್ ಕರೆದಿದ್ದಾರೆ ಎಂದಾಗ ಮಾತ್ರ ಹಿಂಜರಿದ. "ಸಾಲಿ ಕಲಿಯದಾಂವ ನಾ, ಅಲ್ಲಿ ಬಂದು ಏನ್ ಹೇಳಲಿ? ನಿನ್ನ ಗೆಳತ್ಯಾರೆಲ್ಲ ಇರತಾರ. ಕೃಷಿ ಅಂತ ಬರದೀಯಲ್ಲ ಯವ್ವಾ" ಎಂದ. ದೂರಿ ಹೇಳಿದ ಮಾತಲ್ಲ ಅದು, ನನ್ನ ಮಾನ ಕಾಯುವುದಕ್ಕೆ ಹೇಳಿದ್ದು. ಅದಕ್ಕೇ ನನಗೆ ಅಳು ಬಂತು. "ಬಾ ಅಂದ್ರ ಬಾ" ಎಂದು ಗದರಿ ಫೋನ್ ಇಟ್ಟೆ.

ಬಂದ. ಮೊದಲ ಬಸ್ಸಿಗೆ, ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ, ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ, ಪಕ್ಕೆಲುಬುಗಳ ಸಮೇತ ಇಡಿಯಾಗಿ ತೆಗೆದ ಕುರಿಯ ಬೆನ್ನು, ಪಕ್ಕದಲ್ಲಿ ಅವನ ಗೇಣುದ್ದದ ಚೂರಿ. ಕಾಲೇಜಿನ ನಲ್ಲಿಯಲ್ಲಿ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಇಡೀ ತರಗತಿ ಎದ್ದು ನಿಂತಿತು, ಸರ್ ಹೇಳಿಟ್ಟಿದ್ದರೇನೋ. ಅಪ್ಪ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದ.

ಮೊದಮೊದಲು ಚೂರಿಯನ್ನು ಒದ್ದೆ ಬಟ್ಟೆಗೆ ಮತ್ತೆ ಮತ್ತೆ ಒರೆಸುತ್ತ ನಿಂತ. ಎಂದೂ ಮುರಿಯದ ಎಲುಬು ಇವತ್ತು ಇವರೆದುರು ಮುರಿದರೆ ಅಪ್ಪ ಮತ್ತೆ ಓಣಿಯಲ್ಲಿ ಚೂರಿ ಹಿಡಿಯಲಾರ. ಆದರೆ ಪಕ್ಕೆಲುಬನ್ನು ಹಿಡಿದು ಆಡಿಸಲು ಶುರು ಮಾಡಿದ ಮೇಲೆ ಅವನ ಕೈಗೆ ತನ್ನ ಓಣಿ ಸಿಕ್ಕಿತು. "ಇಲ್ಲಿ ನೋಡ್ರಿ, ಇದು ಉಸಿರಾಡಾಕತ್ತೈತಿ. ಇದು ತಲಿ, ಇದು ಭುಜ" ಎಂದ. ಹಿಂದಿನ ಸಾಲಿನವರು ಮುಂದೆ ಬಂದರು. ಒಳಗಿನ ಪಟ್ಟಿ, ಹೊರಗಿನ ಪಟ್ಟಿ, ಒಂದು ತಿರುವು. ಟಕ್. ಇಡಿಯಾಗಿ ಬಂತು. ಸರ್ ಬಗ್ಗಿ ನೋಡಿ, ಇಷ್ಟು ಚೊಕ್ಕವಾಗಿ ನಾನೂ ಬಿಡಿಸಿಲ್ಲ ಎಂದರು.

ಎರಡನೆಯದಕ್ಕೆ ಅಪ್ಪ ಚೂರಿಯನ್ನು ನನ್ನ ಕಡೆ ಚಾಚಿದ. "ಇದನ್ನ ನನ್ನ ಮಗಳು ತಗೀತಾಳ್ರಿ."

ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳ ಕೈಗೆ ಆ ಚೂರಿ ಕೊಟ್ಟದ್ದೇ ಇಲ್ಲ. ನಾನು ಗೋಡೆಗೆ ನಿಂತು ಕೂಗಿದವಳು, ಅಷ್ಟೇ. ಹಿಡಿದೆ. ಅಪ್ಪ ಪಕ್ಕದಲ್ಲಿ ನಿಂತು ಮೆಲ್ಲಗೆ, "ಅವಸರ ಮಾಡಬ್ಯಾಡ. ಮದಲ ಉಸಿರಾಡಸು ಅದನ್ನ" ಎಂದ. ಆಡಿಸಿದೆ. ಹೆಬ್ಬೆರಳಿಗೆ ಗೋಡೆ ಸಿಕ್ಕಿತು, ಕಟ್ಟೆ ಸಿಕ್ಕಿತು. ಒಳಗಿನ ಪಟ್ಟಿ ಬಿಡಿಸಿದೆ, ಹೊರಗಿನದು ಬಿಡಿಸಿದೆ, ತಿರುವಿದೆ. ಟಕ್ ಎಂದಿತು. ಅಪ್ಪ ಅದನ್ನು ಇಸಿದುಕೊಂಡು ತುದಿಯನ್ನು ಹೆಬ್ಬೆರಳಿನಿಂದ ಸವರಿದ, ಪಾಲಿಗೆ ಇಡುವ ಮುನ್ನ ಸವರುವಂತೆಯೇ. ಆಮೇಲೆ ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ, "ಮುರದಿಲ್ಲ ನೋಡ್ರಿ" ಎಂದ. ತಾನು ಬಿಡಿಸಿದ್ದನ್ನು ಅವನು ಹಾಗೆ ತೋರಿಸಿರಲಿಲ್ಲ.

ಗೆಳತಿ ಅಲ್ಲಿಯವರೆಗೂ ಬಾಗಿಲ ಹತ್ತಿರ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಮುಟ್ಟಿ ನೋಡಿದ ಮೇಲೆ ಎರಡೂ ಕೈಗೆ ಗ್ಲೌಸ್ ಹಾಕಿಕೊಂಡು ಬಂದಳು. ನಾನು ತೆಗೆದ ಪಕ್ಕೆಲುಬನ್ನೇ ಎರಡು ಬೆರಳಲ್ಲಿ ಎತ್ತಿ, ನನ್ನನ್ನಲ್ಲ, ಅಪ್ಪನನ್ನು ಕೇಳಿದಳು: "ಕಾಕಾ, ಇದರ ತಲಿ ಯಾವ ಕಡೆ ಬರತೈತ್ರಿ?"

"ನಡುಗ್ವಾಡಿಗೆ ಯವ್ವಾ, ಹಾಂ, ಇನ್ನೊಂಚೂರು ಮ್ಯಾಲೆ" ಎಂದು ಅಪ್ಪ ತೋರಿಸಿಕೊಟ್ಟ. ಅವಳು ಕೂಡಿಸಿದಳು, ಎಡಬಲ ತಪ್ಪಿತು, ಮತ್ತೆ ಕೂಡಿಸಿದಳು. ತಾಟು ಮಾತ್ರ ಕೊನೆಯ ವರ್ಷದವರೆಗೂ ಕಿಟಕಿಯ ಕಡೆಯೇ ಇತ್ತು. ನಾನೂ ಸರಿಸೆಂದು ಹೇಳಲಿಲ್ಲ.

ಹೊರಡುವ ಮುನ್ನ ಸರ್ ಒಂದು ರಿಜಿಸ್ಟರ್ ತಂದರು. ಹೊರಗಿನಿಂದ ಬಂದು ಪಾಠ ಮಾಡಿದವರ ಹೆಸರು, ಊರು, ಉದ್ಯೋಗ ಅದರಲ್ಲಿ ಬರೆಯಬೇಕಂತೆ. ಮೇಲಿನ ಸಾಲುಗಳಲ್ಲಿ ದೊಡ್ಡ ದೊಡ್ಡ ಡಾಕ್ಟರರ ಹೆಸರುಗಳಿದ್ದವು. ಅಪ್ಪ ಪೆನ್ನನ್ನು ನನಗೆ ಕೊಟ್ಟ. ಹೆಸರು ಬರೆದೆ, ಊರು ಬರೆದೆ. ಉದ್ಯೋಗದ ಗೆರೆಯ ಹತ್ತಿರ ಕೈ ನಿಲ್ಲಲಿಲ್ಲ.

"ಏನ ಬರದೀ ಓದು" ಎಂದ ಅಪ್ಪ.

"ಕುರಿ ಕೊಯ್ದು ಪಾಲು ಹಾಕುವುದು" ಎಂದು ಗಟ್ಟಿಯಾಗಿ ಓದಿದೆ.

ಈ ಸಲ ಅವನು ಹೂಂ ಎನ್ನಲಿಲ್ಲ. ಟೋಪಿ ಸರಿ ಮಾಡಿಕೊಂಡು, "ಹದಿಮೂರು ಮನೀದು ಅಂತ ಬರಿ" ಎಂದ.

ಸೇರಿಸಿ ಬರೆದೆ. ಅಪ್ಪ ಅಕ್ಷರ ಒಂದೊಂದೇ ಜೋಡಿಸಿ ಸಹಿ ಮಾಡಿದ. ಸರ್ ಕನ್ನಡಕ ಏರಿಸಿ ಆ ಸಾಲನ್ನು ಮೊದಲಿಂದ ಕೊನೆಯವರೆಗೆ ಓದಿದರು. ಹದಿಮೂರನ್ನು ಈ ಸಲ ತಿದ್ದಲಿಲ್ಲ.